ಗ್ರಾಮಸಭೆ ಇಲ್ಲದ ಊರಿನಲ್ಲಿ

ಕಳೆದ ವರ್ಷ ಮುಂಗಾರು ಇನ್ನೂ ಹಿಡಿಯದಿದ್ದ ಒಂದು ಸಂಜೆ, ನಮ್ಮ ಹಿಂದಿನ ಬೀದಿಯ ಹಿರಿಯರೊಬ್ಬರು ಕೈಯಲ್ಲಿ ಎರಡು ಹಾಳೆ ಬಿಳಿಯ ಕಾಗದ ಹಿಡಿದು ಮನೆಗೆ ಬಂದರು. ಮೇಷ್ಟ್ರ ಕೆಲಸದಿಂದ ನಿವೃತ್ತಿಯಾಗಿ ಎಷ್ಟು ವರ್ಷಗಳಾದರೂ ಅರ್ಜಿ ಬರೆದುಕೊಡುವ ಕೆಲಸದಿಂದ ನಿವೃತ್ತಿಯೆಂಬುದಿಲ್ಲ. ಅದು ನನಗೆ ಬೇಸರದ ಮಾತೂ ಅಲ್ಲ. ಜಗಲಿಯ ಮೇಲೆ ಕುಳಿತು ಅವರು ಹೇಳಿದರು.

"ಮೇಷ್ಟ್ರೇ, ನಮ್ ಬೀದೀಗೆ ಹೊಸಾ ಚರಂಡಿ ಬತ್ತದಂತೆ. ಬರ್ಲಿ, ಒಳ್ಳೇದೇ. ಆದ್ರೆ ಮಳೆ ನೀರು ಅಲ್ಲಿ ಯಾವ ಕಡೀಗ್ ಇಳೀತದೆ ಅಂತ ನಂಗೊತ್ತು. ಆ ನೆಲದಾಗೆ ನಲವತ್ತೊರ್ಸ ರಾಗಿ ಬೆಳ್ದೋನು ನಾನು. ಅದ್ನ ಗ್ರಾಮ್ಸಭೇಲಿ ಒಂದ್ ಮಾತು ಹೇಳ್ಬೇಕು. ಸಭೆ ಯಾವಾಗ ಅಂತ ಕೇಳಿ ಒಂದ್ ಅರ್ಜಿ ಬರ್ಕೊಡಿ."

ನಾನು ಕನ್ನಡಕ ಹಾಕಿಕೊಂಡು ರೂಢಿಯಂತೆ ಎಡಗಡೆ 'ಇವರಿಂದ' ಎಂದು ಬರೆದು ಅವರ ಹೆಸರು, ವಿಳಾಸ ತುಂಬಿದೆ. ಬಳಿಕ 'ಇವರಿಗೆ' ಎಂದು ಬರೆದೆ. ಅಲ್ಲಿಗೆ ಲೇಖನಿ ನಿಂತಿತು. ಗ್ರಾಮಸಭೆಯನ್ನು ಕರೆಯಬೇಕಾದವರು ಯಾರು? ಗ್ರಾಮ ಪಂಚಾಯಿತಿ. ಅರಿಶಿನಕುಂಟೆಗೆ ಗ್ರಾಮ ಪಂಚಾಯಿತಿ ಎಲ್ಲಿದೆ? ಈಚಿನ ವರ್ಷಗಳಲ್ಲಿ ನೆಲಮಂಗಲದ ಪುರಸಭೆಯು ನಗರಸಭೆಯಾಗಿ ಬೆಳೆದಾಗ, ಸುತ್ತಲಿನ ಕೆಲವು ಗ್ರಾಮ ಪಂಚಾಯಿತಿಗಳೊಡನೆ ಇದೂ ಅದರೊಳಗೆ ಸೇರಿಹೋಯಿತು. ಪಂಚಾಯಿತಿ ಹೋದ ಮೇಲೆ ಗ್ರಾಮಸಭೆಯೂ ಹೋಯಿತು. ಇದನ್ನು ಅವರಿಗೆ ತಿಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಈಗ ಯಾವ ಸಭೇಲಿ ಹೇಳ್ಬೇಕು?" ಎಂದು ಕೇಳಿದರು.

ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಈ ಬರಹ ಆ ಪ್ರಶ್ನೆಯಿಂದಲೇ ಹುಟ್ಟಿದ್ದು.

ಬೆಂಗಳೂರಿನಿಂದ ತುಮಕೂರು ರಸ್ತೆಯಲ್ಲಿ ಬರುವವರಿಗೆ ಅರಿಶಿನಕುಂಟೆಯನ್ನು ಪರಿಚಯಿಸಬೇಕಾಗಿಲ್ಲ. ಹೆದ್ದಾರಿಯ ಪಕ್ಕದ ವಿಶ್ವಶಾಂತಿ ಆಶ್ರಮವೂ ಅಲ್ಲಿಯ ಎತ್ತರದ ವಿಠ್ಠಲನ ಮೂರ್ತಿಯೂ ಎಷ್ಟೋ ಜನರಿಗೆ ಊರಿನ ಗುರುತು. ಹೆಸರಿನಲ್ಲೇ ಒಂದು ಕುಂಟೆಯನ್ನು ಇಟ್ಟುಕೊಂಡಿರುವ ಊರು ಇದು. ಕೆರೆಯಷ್ಟು ದೊಡ್ಡದಲ್ಲದ, ದನಕರುಗಳಿಗೆ ಸಾಕಾಗುವಷ್ಟು ಮಳೆಯ ನೀರು ನಿಲ್ಲುವ ತಾವಿಗೆ ನಮ್ಮ ಬಯಲುಸೀಮೆಯಲ್ಲಿ ಕುಂಟೆ ಎನ್ನುತ್ತೇವೆ. ಈ ಸೀಮೆಯಲ್ಲಿ ಕುಂಟೆ, ಕಟ್ಟೆ, ಕೆರೆ, ಸಂದ್ರ ಎಂದು ಮುಗಿಯುವ ಊರುಗಳನ್ನು ಎಣಿಸುತ್ತ ಹೋದರೆ ನಮ್ಮ ಹಿರಿಯರು ನೀರು ನಿಲ್ಲುವ ಜಾಗವನ್ನೇ ವಿಳಾಸ ಮಾಡಿಕೊಂಡಿದ್ದರೆಂದು ತಿಳಿಯುತ್ತದೆ. ಈಗ ವಿಳಾಸವೆಂದರೆ ಬಡಾವಣೆಯ ಹೆಸರು, ಅಡ್ಡರಸ್ತೆಯ ಸಂಖ್ಯೆ. ಮೆಟ್ರೋ ರೈಲು 2024ರ ನವೆಂಬರಿನಲ್ಲಿ ಮಾದಾವರದವರೆಗೆ ಬಂದಿತು. 2025ರ ಜುಲೈಯಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟವು ನಮ್ಮ ಜಿಲ್ಲೆಗೆ 'ಬೆಂಗಳೂರು ಉತ್ತರ' ಎಂದು ಹೆಸರಿಡಲು ತೀರ್ಮಾನಿಸಿತು. 'ಗ್ರಾಮಾಂತರ' ಎಂಬ ಪದ ಇನ್ನು ನಮಗೆ ಒಪ್ಪುವುದಿಲ್ಲವೆಂದು ಅವರಿಗೆ ತೋರಿರಬೇಕು. ನೋಡಿದರೆ ಅದು ಸುಳ್ಳೂ ಅಲ್ಲ.

ಊರು ನಗರವಾಗುವುದನ್ನು ವಿರೋಧಿಸಿ ನಾನು ಬರೆಯುತ್ತಿಲ್ಲ. ನಾನೇ ಹೊಲವಾಗಿದ್ದ ನೆಲದ ಮೇಲೆ ನಿವೇಶನ ಕೊಂಡು ಮನೆ ಕಟ್ಟಿಸಿಕೊಂಡವನು. ನನ್ನ ತಕರಾರು ಬೇರೆ. ಊರು ನಗರವಾದಾಗ ರಸ್ತೆ, ದೀಪ, ಕಂದಾಯ ಎಲ್ಲವೂ ಹೊಸ ಲೆಕ್ಕಕ್ಕೆ ವರ್ಗವಾದವು. ಸಾಮಾನ್ಯ ಮನುಷ್ಯನು ಎದ್ದು ನಿಂತು ಮಾತನಾಡಬಹುದಾಗಿದ್ದ ಒಂದು ಜಾಗ ಮಾತ್ರ ಯಾವ ಲೆಕ್ಕಕ್ಕೂ ವರ್ಗವಾಗಲಿಲ್ಲ.

ಗ್ರಾಮಸಭೆಯೆಂದರೇನು ಎಂಬುದನ್ನು ಬಡಾವಣೆಗಳಲ್ಲಿ ಹುಟ್ಟಿ ಬೆಳೆದ ಕಿರಿಯರಿಗಾಗಿ ಹೇಳಬೇಕು. ಅದು ಚುನಾಯಿತ ಸದಸ್ಯರ ಸಭೆಯಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬನೂ, ಪ್ರತಿಯೊಬ್ಬಳೂ ಅದರ ಸದಸ್ಯರು. ಅಲ್ಲಿ ಪಂಚಾಯಿತಿಯವರು ಲೆಕ್ಕ ಒಪ್ಪಿಸಬೇಕು, ಮುಂದಿನ ವರ್ಷದ ಕಾಮಗಾರಿಗಳನ್ನು ಮಂಡಿಸಬೇಕು. ಮನೆ, ಶೌಚಾಲಯ ಮೊದಲಾದ ಯೋಜನೆಗಳ ಫಲಾನುಭವಿಗಳನ್ನು ಅಲ್ಲಿಯೇ ಆರಿಸಬೇಕು. ಅದಕ್ಕೆ ಮುನ್ನ ಒಂದೊಂದು ವಾರ್ಡಿನಲ್ಲೂ ವಾರ್ಡ್ ಸಭೆ. ಇದಲ್ಲದೆ ವರ್ಷಕ್ಕೊಮ್ಮೆ ಜಮಾಬಂದಿ ಎಂದು, ಕಾಗದಪತ್ರಗಳನ್ನು ಜನರ ಮುಂದೆ ಬಿಚ್ಚಿಡುವ ದಿನವೊಂದಿರುತ್ತಿತ್ತು. 2005ರಲ್ಲಿ ಬಂದ ಉದ್ಯೋಗ ಖಾತ್ರಿ ಕಾಯಿದೆಯು ಕಾಮಗಾರಿಗಳ ಸಾಮಾಜಿಕ ಪರಿಶೋಧನೆಯನ್ನು ಮಾಡುವ ಅಧಿಕಾರವನ್ನು ನೇರವಾಗಿ ಗ್ರಾಮಸಭೆಯ ಕೈಗೆ ಕೊಟ್ಟಿತ್ತು.

ಇದೆಲ್ಲವೂ ದೆಹಲಿಯಿಂದ ಇಳಿದು ಬಂದ ವರವೆಂದು ತಿಳಿಯಬಾರದು. ಸಂವಿಧಾನದ 73ನೆಯ ತಿದ್ದುಪಡಿ ಜಾರಿಗೆ ಬಂದುದು 1993ರಲ್ಲಿ. ಅದಕ್ಕಿಂತ ಮೊದಲೇ, ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಅವರು ಮುಂದೆ ನಿಂತು ತಂದ 1983ರ ಕಾಯಿದೆಯಲ್ಲಿಯೇ ಗ್ರಾಮಸಭೆ ಇತ್ತು. 1987ರ ಜನವರಿಯಲ್ಲಿ ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದಾಗ ನಾನು ಇನ್ನೂ ಹೊಸ ಮೇಷ್ಟ್ರು. ಕೊಳವೆಬಾವಿಗಳನ್ನು ಕೊರೆಸಿ 'ನೀರ್ ಸಾಬ್' ಎನ್ನಿಸಿಕೊಂಡಿದ್ದ ಆ ಮನುಷ್ಯ ಊರಿನವರ ಬಾಯಿಗೂ ನೀರೆರೆದರು ಎಂದು ನಮ್ಮ ಮುಖ್ಯೋಪಾಧ್ಯಾಯರು ಹೇಳುತ್ತಿದ್ದರು. ಮಾತಿನ ಚಮತ್ಕಾರವೆಂದು ನಾನು ಆಗ ನಕ್ಕಿದ್ದೆ.

ಗ್ರಾಮಸಭೆಗಳು ಬಹುಮಟ್ಟಿಗೆ ಶಾಲೆಯಲ್ಲೇ ಸೇರುತ್ತಿದ್ದವು. ಹಿಂದಿನ ದಿನ ತಮಟೆಯವನು ಸಾರಿಕೊಂಡು ಹೋಗುತ್ತಿದ್ದ. ಮಕ್ಕಳು ಬೆಂಚುಗಳನ್ನು ಹೊರಗೆ ಹಾಕಿ, ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದರು. ನನ್ನ ಪಾಲಿಗೆ ಬರುತ್ತಿದ್ದುದು ನಡಾವಳಿ ಪುಸ್ತಕ. ಅಕ್ಷರ ದುಂಡಗಿದ್ದುದೇ ನನಗೆ ಮುಳುವಾಯಿತು.

ಇಲ್ಲಿ ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ಊರಿನ ಹೆಸರು ಬೇಡ. ನಾನು ಕೆಲಸ ಮಾಡಿದ ಹತ್ತಾರು ಊರುಗಳಲ್ಲಿ ಅದೂ ಒಂದು. ಒಂದು ವರ್ಷ ಗ್ರಾಮಸಭೆ ನಡೆಯಲೇ ಇಲ್ಲ. ನಡೆಯಿತೆಂದು ತೋರಿಸದಿದ್ದರೆ ಮನೆಗಳ ಮಂಜೂರಾತಿ ತಪ್ಪಿಹೋಗುತ್ತದೆಂದೂ, ಅದರಿಂದ ಊರಿಗೇ ನಷ್ಟವೆಂದೂ ನನ್ನನ್ನು ಒಪ್ಪಿಸಿದರು. ಒಂದು ರಾತ್ರಿ ಲಾಟೀನಿನ ಬೆಳಕಿನಲ್ಲಿ ಕುಳಿತು, ಸೇರದ ಸಭೆಯ ನಡಾವಳಿಯನ್ನು ಅಂದವಾಗಿ ಬರೆದುಕೊಟ್ಟೆ. 'ಸಭೆಯು ಸರ್ವಾನುಮತದಿಂದ ಅಂಗೀಕರಿಸಿತು' ಎಂಬ ವಾಕ್ಯವನ್ನು ಅಂದು ಎಷ್ಟು ಸಲ ಬರೆದೆನೋ. ಅವರು ಕೊಟ್ಟ ಪಟ್ಟಿಯಲ್ಲಿದ್ದ ಹೆಸರುಗಳನ್ನು ಇದ್ದ ಹಾಗೆಯೇ ಇಳಿಸಿದೆ. ಕೆಲವು ತಿಂಗಳ ಬಳಿಕ, ಶಾಲೆಯ ಹಿಂದೆ ಸೋಗೆಯ ಗುಡಿಸಲಿನಲ್ಲಿದ್ದ ವಿಧವೆಯೊಬ್ಬಳಿಗೆ ಆ ಪಟ್ಟಿಯಲ್ಲಿ ತನ್ನ ಹೆಸರಿಲ್ಲವೆಂದು ತಿಳಿಯಿತು. ಅವಳ ಮಗಳು ನನ್ನ ತರಗತಿಯಲ್ಲೇ ಇದ್ದಳು.

ಮುಂದಿನ ಗ್ರಾಮಸಭೆ ನಿಜವಾಗಿಯೇ ನಡೆಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಆಕೆ ಎದ್ದು ನಿಂತಳು. ಪಂಚಾಯಿತಿಯವರನ್ನಲ್ಲ, ನಡಾವಳಿ ಪುಸ್ತಕ ಹಿಡಿದು ಕುಳಿತಿದ್ದ ನನ್ನನ್ನು ಕೇಳಿದಳು. "ಸರ್ವಾನುಮತ ಅಂತ ಬರ್ದಿದೀರಂತಲ್ಲ ಮೇಷ್ಟ್ರೇ, ಆವತ್ತು ನಾನೆಲ್ಲಿ ಕೂತಿದ್ದೆ, ತೋರ್ಸಿ." ಅಂಗಳದಲ್ಲಿ ಯಾರೂ ಮಾತನಾಡಲಿಲ್ಲ. ಬಂದಿದ್ದ ನೋಡಲ್ ಅಧಿಕಾರಿ ಒಳ್ಳೆಯವರಿರಬೇಕು. ಪುಸ್ತಕವನ್ನು ಕೇಳಿ ತೆಗೆದುಕೊಂಡು ಓದಿದರು. ನನ್ನ ಅದೃಷ್ಟಕ್ಕೆ ನನ್ನ ಕೆಲಸ ಉಳಿಯಿತು. ಆಕೆಯ ಪುಣ್ಯಕ್ಕೆ ಮುಂದಿನ ಪಟ್ಟಿಯಲ್ಲಿ ಅವಳ ಹೆಸರು ಬಂದಿತು. ಆ ಮನೆಯ ಗೃಹಪ್ರವೇಶಕ್ಕೆ ಕರೆಯಲು ಮಗಳನ್ನೇ ಕಳುಹಿಸಿದ್ದಳು. ಹೋಗುವ ಧೈರ್ಯ ನನಗಾಗಲಿಲ್ಲ.

ಇದನ್ನು ಬರೆದದ್ದು ಗ್ರಾಮಸಭೆಯ ಹಿರಿಮೆಯನ್ನು ಕೊಂಡಾಡಲಲ್ಲ. ಚಹ, ಖಾರ ಮುಗಿಯುವುದರೊಳಗೆ ಎದ್ದುಹೋದ ಸಭೆಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಹೆಂಗಸರ ಬದಲು ಗಂಡಂದಿರು, ಬಡವರ ಬದಲು ಒಡೆಯರು ಮಾತನಾಡಿದ್ದನ್ನೂ ಕಂಡಿದ್ದೇನೆ. ನಮ್ಮ ಶಾಸನಗಳಲ್ಲಿ ಬರುವ ಊರ ಮಹಾಜನರನ್ನೋ ಐವತ್ತೊಕ್ಕಲನ್ನೋ ನೆನೆದು ಹಿಂದೆ ಎಲ್ಲವೂ ಸರಿಯಿತ್ತೆಂದು ಹೇಳುವವರ ಸಾಲಿಗೂ ನಾನು ಸೇರಿದವನಲ್ಲ; ಆ ಸಭೆಗಳಲ್ಲಿ ಆ ವಿಧವೆಗೆ ಕೂರಲು ಯಾರು ಚಾಪೆ ಹಾಸುತ್ತಿದ್ದರು? ನಾನು ಹೇಳುವುದಿಷ್ಟೇ. ಸುಳ್ಳು ನಡಾವಳಿಯನ್ನು ಬರೆದವನನ್ನು ನಾಲ್ಕು ಜನರ ಮುಂದೆ ನಿಲ್ಲಿಸಿ ಕೇಳಲು ಅವಳಿಗೆ ಒಂದು ಜಾಗವಿತ್ತು, ಒಂದು ದಿನಾಂಕವಿತ್ತು. ಆಕೆಗೆ ಯಾರ ಶಿಫಾರಸೂ ಬೇಕಾಗಿರಲಿಲ್ಲ. ಕಾನೂನೇ ಅವಳನ್ನು ಆ ಸಭೆಯ ಸದಸ್ಯಳನ್ನಾಗಿ ಮಾಡಿತ್ತು.

ಇನ್ನು ನಗರದ ಲೆಕ್ಕಾಚಾರಕ್ಕೆ ಬರೋಣ. ಸ್ವಲ್ಪ ಒಣ ವಿಷಯ. ಓದುಗರು ತಾಳ್ಮೆಯಿಂದ ಓದಬೇಕೆಂದು ಕೋರುತ್ತೇನೆ.

ಹಳ್ಳಿಗಳಿಗೆ 73ನೆಯ ತಿದ್ದುಪಡಿ ಬಂದಂತೆ ನಗರಗಳಿಗೆ ಅದೇ 1993ರಲ್ಲಿ 74ನೆಯ ತಿದ್ದುಪಡಿ ಬಂದಿತು. ಹಳ್ಳಿಗೆ ಗ್ರಾಮಸಭೆಯಾದರೆ ನಗರಕ್ಕೆ ವಾರ್ಡ್ ಸಮಿತಿ. ಮೊದಲ ವ್ಯತ್ಯಾಸವನ್ನು ಹೆಸರೇ ಹೇಳುತ್ತದೆ: ಸಭೆಗೆ ಎಲ್ಲರೂ ಸದಸ್ಯರು, ಸಮಿತಿಗೆ ಕೆಲವರು. ಎರಡನೆಯ ವ್ಯತ್ಯಾಸ ಇನ್ನೂ ದೊಡ್ಡದು. ಸಂವಿಧಾನದ 243-ಎಸ್ ವಿಧಿಯು ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡುವುದು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯಿರುವ ನಗರಗಳಿಗೆ ಮಾತ್ರ. ಅದಕ್ಕಿಂತ ಚಿಕ್ಕ ಊರುಗಳಲ್ಲಿ ಏನು ಮಾಡಬೇಕೆಂಬುದು ರಾಜ್ಯದ ಇಚ್ಛೆ.

ಈಗ ನಮ್ಮ ರಾಜ್ಯದ ಪುರಸಭೆಗಳ ಕಾಯಿದೆಯನ್ನು ನೋಡಿರಿ. 1964ರ ಆ ಕಾಯಿದೆಯು ನಗರಗಳನ್ನು ವಿಂಗಡಿಸುವಾಗ ಇಪ್ಪತ್ತು ಸಾವಿರದಿಂದ ಮೂರು ಲಕ್ಷದೊಳಗಿನ ಜನಸಂಖ್ಯೆಯ ಪ್ರದೇಶವನ್ನು ಪುರಸಭೆ, ನಗರಸಭೆಗಳ ಪಾಲಿಗೆ ಕೊಟ್ಟಿತು. ಅದಕ್ಕೆ ಮೇಲ್ಪಟ್ಟದ್ದು ಮಹಾನಗರ ಪಾಲಿಕೆಯ ಪಾಲು. ಎಂದರೆ, ಈ ಲೆಕ್ಕದಂತೆ ನಗರಸಭೆಯಾಗಿರುವ ಊರು ಮೂರು ಲಕ್ಷದ ಗೆರೆಯನ್ನು ಮುಟ್ಟುವುದೇ ಇಲ್ಲ. ಮುಟ್ಟಿದ ದಿನ ಅದು ನಗರಸಭೆಯಾಗಿ ಉಳಿಯುವುದಿಲ್ಲ. ಐದನೆಯ ತರಗತಿಯ ಹುಡುಗನೂ ಬಿಡಿಸಬಹುದಾದ ಲೆಕ್ಕವಿದು. ಹಳ್ಳಿಯವನಿಗೆ ಗ್ರಾಮಸಭೆಯಿದೆ, ಮಹಾನಗರದವನಿಗೆ ಕಾಗದದ ಮೇಲಾದರೂ ವಾರ್ಡ್ ಸಮಿತಿಯಿದೆ. ನಡುವಿನ ಊರಿನವನಿಗೆ ಸಂವಿಧಾನ ಕಡ್ಡಾಯವಾಗಿ ಕೊಟ್ಟದ್ದು ಏನೂ ಇಲ್ಲ. ನೆಲಮಂಗಲ ಮಾತ್ರವಲ್ಲ, ದೊಡ್ಡಬಳ್ಳಾಪುರ, ಹೊಸಕೋಟೆ, ದೇವನಹಳ್ಳಿ, ನಮ್ಮ ಜಿಲ್ಲೆಯ ನಾಲ್ಕೂ ತಾಲ್ಲೂಕು ಕೇಂದ್ರಗಳು ಈ ನಡುವಿನ ಊರುಗಳೇ. ಬೆಂಗಳೂರಿನ ಬೆಳವಣಿಗೆಯ ಭಾರವೆಲ್ಲ ಬಂದು ಬೀಳುತ್ತಿರುವುದು ಇವುಗಳ ಮೇಲೆಯೇ ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕೆ?

"ಕೌನ್ಸಿಲರ್ ಇರುತ್ತಾರಲ್ಲ, ಅವರಿಗೆ ಹೇಳಿದರಾಯಿತು" ಎಂದು ನನ್ನ ಮಗನೇ ನನ್ನೊಡನೆ ವಾದಿಸುತ್ತಾನೆ. ಹೇಳಬಹುದು. ಒಳ್ಳೆಯವರಾದರೆ ಕೇಳುತ್ತಾರೆ, ಮಾಡಿಯೂ ಕೊಡುತ್ತಾರೆ. ಆದರೆ ಅದು ಒಬ್ಬರ ಮನೆಯ ಬಾಗಿಲಿಗೆ ಹೋಗಿ ಕೇಳಿಕೊಳ್ಳುವುದು. ನಾಲ್ಕು ಜನರ ನಡುವೆ ಕೇಳಿ, ಉತ್ತರವನ್ನು ಪುಸ್ತಕದಲ್ಲಿ ಬರೆಸಿಕೊಳ್ಳುವುದು ಬೇರೆ. ಮೊದಲನೆಯದರಲ್ಲಿ ದಾಕ್ಷಿಣ್ಯವಿದೆ, ಎರಡನೆಯದರಲ್ಲಿ ಹಕ್ಕಿದೆ. ಬಜೆಟ್ಟಿಗೆ ಮುನ್ನ ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುವ ರೂಢಿ ನಮ್ಮ ನಗರಸಭೆ, ಪುರಸಭೆಗಳಲ್ಲಿ ಇದೆ, ಒಳ್ಳೆಯದೇ. ಆದರೆ ಇಡೀ ಊರಿಗೆ ಒಂದು ಸಭಾಂಗಣ, ಒಂದು ಬೆಳಗ್ಗೆ. ಹಿಂದಿನ ಬೀದಿಯ ನೀರು ಯಾವ ಕಡೆಗೆ ಇಳಿಯುತ್ತದೆಂಬ ಮಾತಿಗೆ ಅಲ್ಲಿ ಸರದಿ ಬರುವುದು ಯಾವಾಗ?

ಇದಕ್ಕೆ ಪರಿಹಾರವನ್ನು ನಾವೇ ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ನೆರೆಯ ಕೇರಳದವರು ಇದನ್ನು ಎಂದೋ ಯೋಚಿಸಿದ್ದಾರೆ. ಅವರ 1994ರ ಪುರಸಭಾ ಕಾಯಿದೆಯಲ್ಲಿ, ಜನಸಂಖ್ಯೆ ಒಂದು ಲಕ್ಷವನ್ನು ಮೀರದ ಪಟ್ಟಣಗಳಲ್ಲಿ ಪ್ರತಿಯೊಂದು ವಾರ್ಡಿಗೂ ವಾರ್ಡ್ ಸಭೆಯುಂಟು. ಆ ವಾರ್ಡಿನ ಮತದಾರರೆಲ್ಲರೂ ಅದರ ಸದಸ್ಯರು. ಲಕ್ಷವನ್ನು ಮೀರಿದರೆ ವಾರ್ಡ್ ಸಮಿತಿ. ನಮ್ಮಲ್ಲಿ ಯಾವ ಜಾಗ ಖಾಲಿ ಬಿದ್ದಿದೆಯೋ ಅಲ್ಲಿಯೇ ಅವರು ಚಾಪೆ ಹಾಸಿದ್ದಾರೆ. ಕಾಸರಗೋಡು ಪುರಸಭೆಯನ್ನೇ ತೆಗೆದುಕೊಳ್ಳಿ. 2011ರ ಜನಗಣತಿಯಂತೆ ಅಲ್ಲಿಯ ಜನಸಂಖ್ಯೆ ಸುಮಾರು ಐವತ್ತನಾಲ್ಕು ಸಾವಿರ. ಅಲ್ಲಿಯ ಕನ್ನಡಿಗ ತನ್ನ ಬೀದಿಯ ಚರಂಡಿಯ ಮಾತನ್ನು ವಾರ್ಡ್ ಸಭೆಯಲ್ಲಿ ಹಕ್ಕಿನಿಂದ ಎತ್ತಬಹುದು. ಭಾಷೆಯ ವಿಷಯದಲ್ಲಿ ಅವನಿಗಿರುವ ನೋವು ಬೇರೆ, ಅದನ್ನು ನಾನು ಹಗುರ ಮಾಡುತ್ತಿಲ್ಲ. ಆದರೆ ಈ ಒಂದು ವಿಷಯದಲ್ಲಿ, ಕನ್ನಡ ನಾಡಿನೊಳಗೇ ಇರುವ ಅರಿಶಿನಕುಂಟೆಯ ಕನ್ನಡಿಗನಿಗಿಂತ ಗಡಿಯಾಚೆಯ ಕನ್ನಡಿಗನೇ ಮೇಲು.

ದೊಡ್ಡ ನಗರಗಳ ಅನುಭವವೇನು? ಬೆಂಗಳೂರಿನಲ್ಲಿ ವಾರ್ಡ್ ಸಮಿತಿಗಳಿಗಾಗಿ ನಾಗರಿಕರು ವರ್ಷಗಟ್ಟಲೆ ದುಡಿದರು. ಹೈಕೋರ್ಟು ಕಸದ ಮೊಕದ್ದಮೆಯಲ್ಲಿ ಕಿವಿ ಹಿಂಡಿದ ಮೇಲೆಯೇ ಅವಕ್ಕೆ ಜೀವ ಬಂದದ್ದು. ಕೆಲವು ವಾರ್ಡುಗಳಲ್ಲಿ ತಿಂಗಳು ತಿಂಗಳೂ ಸಭೆ ನಡೆದು, ನಡಾವಳಿಗಳು ಪ್ರಕಟವಾಗಿ, ಕೆಲಸಗಳೂ ಆದವು. ಪಾಲಿಕೆಯ ಚುನಾಯಿತರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯೇ ಐದಾಗಿ ಒಡೆಯುವವರೆಗೂ ಚುನಾವಣೆ ನಡೆಯಲಿಲ್ಲ. ಮಂಗಳೂರಿನವರೂ ನ್ಯಾಯಾಲಯದ ಮೆಟ್ಟಿಲು ಹತ್ತಿಯೇ ವಾರ್ಡ್ ಸಮಿತಿಗಳನ್ನು ಪಡೆದರು. ಕಾನೂನಿನಲ್ಲಿ ಬರೆದದ್ದಕ್ಕೇ ಇಷ್ಟು ಓಡಾಟ ಬೇಕಾದರೆ, ಬರೆಯದೆ ಇರುವುದನ್ನು ಕೇಳಲು ನಾವು ಯಾವ ಮೆಟ್ಟಿಲು ಹತ್ತಬೇಕು?

ಚರಂಡಿ, ದೀಪಗಳ ಮಾತು ಹಾಗಿರಲಿ. ಇನ್ನೊಂದು ದೊಡ್ಡ ಸಂಗತಿಯಿದೆ, ಮಹಾಯೋಜನೆಯೆಂಬುದು. ನಮ್ಮ ಭಾಗಕ್ಕೆ ನೆಲಮಂಗಲ ಯೋಜನಾ ಪ್ರಾಧಿಕಾರವಿದೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ ಯಾವುದೇ ಪ್ರಾಧಿಕಾರವು ಕರಡು ಮಹಾಯೋಜನೆಯನ್ನು ಪ್ರಕಟಿಸಿ, ಅರುವತ್ತು ದಿನಗಳೊಳಗೆ ಸಾರ್ವಜನಿಕರ ಅಭಿಪ್ರಾಯವನ್ನು ಕೇಳಬೇಕು. ಆ ನಕ್ಷೆಯಲ್ಲಿ ಹಳದಿ ಬಣ್ಣ ಬಳಿದದ್ದು ವಸತಿ, ನೀಲಿಯದು ವಾಣಿಜ್ಯ, ನೇರಳೆ ಕೈಗಾರಿಕೆ, ಹಸಿರು ಉದ್ಯಾನ. ಒಬ್ಬನ ಹೊಲದ ಮೇಲೆ ಯಾವ ಬಣ್ಣ ಬಿತ್ತೆಂಬುದರ ಮೇಲೆ ಅವನ ಮೊಮ್ಮಕ್ಕಳ ಬಾಳು ನಿಂತಿದೆ. ಆದರೆ ಆ ನಕ್ಷೆಯಲ್ಲಿ ಸರ್ವೆ ನಂಬರು ಹುಡುಕಿ, ಬಣ್ಣದ ಅರ್ಥ ತಿಳಿದು, ಅರುವತ್ತು ದಿನಗಳೊಳಗೆ ಆಕ್ಷೇಪಣೆ ಬರೆಯಬಲ್ಲವರು ಊರಿನಲ್ಲಿ ಎಷ್ಟು ಮಂದಿ? ಭೂಗೋಳ ಕಲಿಸಿದ ನನಗೇ ಅಂಥದೊಂದು ನಕ್ಷೆಯನ್ನು ಅರಿಯಲು ಅರ್ಧ ದಿನ ಹಿಡಿದಿದೆ. ಬೆಂಗಳೂರಿನ 2031ರ ಪರಿಷ್ಕೃತ ಮಹಾಯೋಜನೆಯ ಕರಡು 2017ರ ನವೆಂಬರಿನಲ್ಲಿ ಹೊರಬಂದಾಗ ಸಾವಿರಾರು ಆಕ್ಷೇಪಣೆಗಳು ಬಂದವು. ಕೊನೆಗೆ 2020ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಅಲ್ಲಿ ನಕ್ಷೆ ಓದಬಲ್ಲ ವಾಸ್ತುಶಿಲ್ಪಿಗಳಿದ್ದರು, ವಕೀಲರಿದ್ದರು, ಪತ್ರಿಕೆಗಳಿದ್ದವು. ನಮ್ಮಲ್ಲಿ ಆ ನಕ್ಷೆಯನ್ನು ಗೋಡೆಗೆ ತೂಗುಹಾಕಿ, ಬೀದಿಬೀದಿಯವರನ್ನು ಕೂರಿಸಿಕೊಂಡು, "ನೋಡಿ, ಇದು ನಿಮ್ಮ ಹೊಲ, ಇದರ ಮೇಲೆ ಹೀಗೆ ಬಣ್ಣ ಬಂದಿದೆ" ಎಂದು ಹೇಳಲು ಒಂದು ವಾರ್ಡ್ ಸಭೆಯಾದರೂ ಬೇಡವೆ?

ಮೊದಲೇ ಕೇಳದಿದ್ದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಜಿಲ್ಲೆಯಲ್ಲೇ, ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಗೆ ಹೋದರೆ ಸಾಕು. ಕೈಗಾರಿಕೆಗೆಂದು ಹದಿಮೂರು ಹಳ್ಳಿಗಳ 1,777 ಎಕರೆ ಭೂಮಿಯ ಸ್ವಾಧೀನಕ್ಕೆ ಹೊರಟಾಗ ರೈತರು 2022ರ ಏಪ್ರಿಲಿನಲ್ಲಿ ಧರಣಿ ಕುಳಿತರು. ಅವರಿಗೆ ಗ್ರಾಮಸಭೆಯಿತ್ತು, ನಿಜ. ಆದರೆ 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯು ಭೂಮಿಯ ಒಡೆಯನಿಗೆ ನೋಟೀಸು ಕೊಡುತ್ತದೆಯೇ ಹೊರತು ಗ್ರಾಮಸಭೆಯ ಒಪ್ಪಿಗೆಯನ್ನು ಕೇಳುವುದಿಲ್ಲ. ಗ್ರಾಮಸಭೆಯಲ್ಲಿ ಒಂದು ಮಧ್ಯಾಹ್ನ ಆಡಿ ಮುಗಿಸಬಹುದಾಗಿದ್ದ ಮಾತನ್ನು ಆ ಜನ ಮೂರು ವರ್ಷಕ್ಕೂ ಮೀರಿ, ಬಿಸಿಲು ಮಳೆಯೆನ್ನದೆ ಬೀದಿಯಲ್ಲಿ ಕುಳಿತು ಆಡಬೇಕಾಯಿತು. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಸ್ವಾಧೀನವನ್ನು ಕೈಬಿಟ್ಟುದಾಗಿ ಪ್ರಕಟಿಸಿದರು. ಗೆಲುವೇನೋ ಹೌದು. ಆ ಮೂರು ವರ್ಷಗಳ ರಾಗಿಯನ್ನೂ ನಿದ್ದೆಯನ್ನೂ ಅವರಿಗೆ ಯಾರು ತಂದುಕೊಡುತ್ತಾರೆ?

ಮೇಷ್ಟ್ರಾಗಿ ನನಗೆ ಇನ್ನೂ ಒಂದು ಕೊರಗಿದೆ. 2006ರಲ್ಲಿ ನಮ್ಮ ರಾಜ್ಯದಲ್ಲಿ ಮಕ್ಕಳ ಗ್ರಾಮಸಭೆಯನ್ನು ನಡೆಸಬೇಕೆಂದು ಪಂಚಾಯಿತಿಗಳಿಗೆ ಸುತ್ತೋಲೆ ಬಂದಿತು. ದೇಶಕ್ಕೇ ಮಾದರಿಯಾದ ಕೆಲಸವದು. ಮೊದಲ ವರ್ಷ ನಾವು ಶಿಕ್ಷಕರು ಅದನ್ನು ಮತ್ತೊಂದು ತಲೆನೋವೆಂದೇ ತಿಳಿದಿದ್ದೆವು. ಆರನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, "ನಮ್ಮ ಶಾಲೆಯ ಶೌಚಾಲಯಕ್ಕೆ ಬಾಗಿಲಿದೆ, ಬಾಗಿಲಿಗೆ ಚಿಲಕವಿಲ್ಲ, ಅದಕ್ಕೆ ನಾವು ಇಬ್ಬಿಬ್ಬರಾಗಿ ಹೋಗುತ್ತೇವೆ" ಎಂದಳು. ಹದಿನೈದು ವರ್ಷದಿಂದ ಆ ಶಾಲೆಯಲ್ಲಿದ್ದ ನನ್ನ ಸಹೋದ್ಯೋಗಿಗಳಿಗಾಗಲಿ ನನಗಾಗಲಿ ಆ ಚಿಲಕ ಕಂಡಿರಲಿಲ್ಲ. ಒಂದು ವಾರದಲ್ಲಿ ಚಿಲಕ ಬಂದಿತು. ಆ ಹುಡುಗಿ ಅಂದು ಪಾಠಪುಸ್ತಕದ 'ಪೌರನೀತಿ'ಯಲ್ಲಿ ಇಲ್ಲದ ಒಂದು ಪಾಠವನ್ನು ಕಲಿತಳು, ನಾನೂ ಕಲಿತೆ. ಗ್ರಾಮ ಪಂಚಾಯಿತಿಯಿಲ್ಲದ ಊರಿನಲ್ಲಿ ಮಕ್ಕಳ ಗ್ರಾಮಸಭೆಯೂ ಇಲ್ಲ. ನಗರದ ಮಕ್ಕಳಿಗೆ ಚಿಲಕಗಳ ವಿಷಯದಲ್ಲಿ ಹೇಳುವುದು ಏನೂ ಇರುವುದಿಲ್ಲವೆ?

ನಗರದಲ್ಲಿ ಜನ ಸಭೆಗೆ ಬರುವುದಿಲ್ಲ, ಎಲ್ಲರೂ ಬೆಳಗ್ಗೆ ಬೆಂಗಳೂರಿನ ಬಸ್ಸು ಹತ್ತುವವರು, ಬಾಡಿಗೆಯವರು, ಇಂದು ಇಲ್ಲಿ ನಾಳೆ ಇನ್ನೆಲ್ಲೋ ಎಂದು ಕೆಲವರು ಹೇಳುತ್ತಾರೆ. ಈ ಮಾತಿನಲ್ಲಿ ಹುರುಳಿದೆ. ನಮ್ಮ ಬೀದಿಯಲ್ಲೇ ಹಾಸನದವರು, ರಾಯಚೂರಿನವರು, ಆಂಧ್ರದವರು, ಉತ್ತರದ ರಾಜ್ಯಗಳಿಂದ ಕಾರ್ಖಾನೆಯ ಕೆಲಸಕ್ಕೆ ಬಂದವರು ಇದ್ದಾರೆ. ಹಳಬರಿಗೆ ಹೊಸಬರ ಹೆಸರು ಗೊತ್ತಿಲ್ಲ, ಹೊಸಬರಿಗೆ ನೆಲದ ಇಳಿಜಾರು ಗೊತ್ತಿಲ್ಲ. ಇವರಿಬ್ಬರೂ ಒಂದೆಡೆ ಕೂರಲು ಮದುವೆಯ ಊಟ, ಗಣೇಶನ ಪೆಂಡಾಲುಗಳನ್ನು ಬಿಟ್ಟರೆ ಬೇರೆ ಕಾರಣವೇ ಇಲ್ಲದಂತಾಗಿದೆ. ಜನ ಬರುವುದಿಲ್ಲವೆಂದು ಶಾಲೆಯನ್ನೇ ತೆರೆಯದೆ ಇರುವುದುಂಟೆ? ನಾನು ಸೇರಿದ ಮೊದಲ ಶಾಲೆಯಲ್ಲಿ ಹಾಜರಿದ್ದವರು ಒಂಬತ್ತು ಮಕ್ಕಳು.

ಆದುದರಿಂದ ನನ್ನ ಅಭಿಪ್ರಾಯವಿದು. ಗ್ರಾಮ ಪಂಚಾಯಿತಿಯೊಂದನ್ನು ನಗರದೊಳಗೆ ಸೇರಿಸುವ ಪ್ರತಿಯೊಂದು ಅಧಿಸೂಚನೆಯ ಜೊತೆಗೇ ವಾರ್ಡ್ ಸಭೆಯೂ ಬರಬೇಕು. ಪುರಸಭೆಗಳ ಕಾಯಿದೆಯಲ್ಲಿ, ಕೇರಳದವರು ಮಾಡಿದಂತೆ, ಎಲ್ಲ ಮತದಾರರೂ ಸದಸ್ಯರಾದ ವಾರ್ಡ್ ಸಭೆಗೆ ಸ್ಥಾನ ಕೊಡಬೇಕು. ಅದು ಕಾಮಗಾರಿಯ ಪಟ್ಟಿಯನ್ನು ನೋಡಬೇಕು, ಲೆಕ್ಕ ಕೇಳಬೇಕು, ಮಹಾಯೋಜನೆಯ ಕರಡು ಬಂದಾಗ ಅದನ್ನು ಅಲ್ಲಿ ಬಿಡಿಸಿ ಹೇಳಬೇಕು. ಹಳ್ಳಿಯವನಾಗಿದ್ದಾಗ ಇದ್ದ ಹಕ್ಕು ಪಟ್ಟಣದವನಾದ ಕೂಡಲೇ ಕಡಿಮೆಯಾಗಬೇಕೆಂಬುದಕ್ಕೆ ಯಾವ ನ್ಯಾಯವೂ ಇಲ್ಲ. ಕಾನೂನು ಬರುವವರೆಗೆ ಒಬ್ಬ ಸದಸ್ಯನು ತನ್ನ ವಾರ್ಡಿನಲ್ಲಿ ತಾನೇ ಸಭೆ ಕರೆದರೆ ಬೇಡವೆನ್ನುವವರು ಯಾರೂ ಇಲ್ಲ.

ಇಷ್ಟು ಹೇಳಿ ಸುಮ್ಮನಿರಲು ಆ ಹಿರಿಯರು ಬಿಡಲಿಲ್ಲ. 'ಇವರಿಗೆ' ಎಂದು ಬರೆದು ನಿಲ್ಲಿಸಿದ್ದ ಅರ್ಜಿ ನನ್ನ ಮೇಜಿನ ಮೇಲೆಯೇ ಇತ್ತು. ಎರಡು ಭಾನುವಾರಗಳ ಬಳಿಕ ಅವರೇ ಬೀದಿಯಲ್ಲಿ ಮನೆಮನೆಗೂ ಹೋಗಿ, ಸಂಜೆ ಅರಳಿಕಟ್ಟೆಯ ಬಳಿ ಸೇರಬೇಕೆಂದು ಹೇಳಿಬಂದರು. ಹಿಂದಿ ಮಾತ್ರ ಬಲ್ಲ ಹುಡುಗರಿಗೆ ಕೈಸನ್ನೆಯಲ್ಲೇ ಹೇಳಿದರಂತೆ. ಹದಿನೇಳು ಜನ ಬಂದೆವು. ಹೆಂಗಸರು ಆರು ಮಂದಿ. ಅವರು ಕೋಲಿನಿಂದ ನೆಲದ ಮೇಲೆ ಗೆರೆ ಎಳೆದು ಹಳೆಯ ಬದುಗಳೆಲ್ಲಿದ್ದವು, ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು ಎಂದು ತೋರಿಸಿದರು. ಎಂಜಿನಿಯರಿಂಗ್ ಓದುತ್ತಿರುವ ಹುಡುಗಿಯೊಬ್ಬಳು ಅದನ್ನು ತನ್ನ ಮೊಬೈಲಿನ ನಕ್ಷೆಯೊಡನೆ ಹೋಲಿಸಿ ನೋಡಿ, "ತಾತ ಹೇಳೋದು ಸರಿಯಿದೆ ಸಾರ್" ಎಂದಳು. ಒಂದು ಮನೆಯವರು ಒಪ್ಪಲಿಲ್ಲ. ಹಾಗೆ ಮಾಡಿದರೆ ನೀರು ತಮ್ಮ ಕಾಂಪೌಂಡಿನ ಪಕ್ಕದಲ್ಲೇ ಹರಿಯುತ್ತದೆಂದರು. ಮಾತು ಏರಿತು, ಇಳಿಯಿತು.

ನಡಾವಳಿ ಬರೆಯುವ ಕೆಲಸ ಮತ್ತೆ ನನಗೇ ಬಂದಿತು. ದಿನಾಂಕ, ಸ್ಥಳ, ಹಾಜರಿದ್ದವರ ಹೆಸರುಗಳನ್ನು ಬರೆದೆ. ತೀರ್ಮಾನದ ಜಾಗಕ್ಕೆ ಬಂದಾಗ 'ಹದಿನೈದು ಜನ ಒಪ್ಪಿದರು, ಇಬ್ಬರು ಒಪ್ಪಲಿಲ್ಲ, ಅವರ ಕಾರಣ ಹೀಗಿದೆ' ಎಂದು ಬರೆದು, ಒಪ್ಪದವರಿಗೆ ಮೊದಲು ಓದಿ ಹೇಳಿ ರುಜು ಹಾಕಿಸಿಕೊಂಡೆ. ಹಿರಿಯರು ಹೆಬ್ಬೆಟ್ಟು ಒತ್ತಲು ಮುಂದೆ ಬಂದರು. ಶಾಯಿಯ ಪ್ಯಾಡು ಒಣಗಿಹೋಗಿತ್ತು. ಎದುರು ಮನೆಯ ಹೆಣ್ಣುಮಗಳು ಒಳಗಿನಿಂದ ಎರಡು ಹನಿ ನೀರು ತಂದು ಹಾಕಿದಳು.